ಹೋದವನ ಹೆಸರು, ಬರುವ ಕೂಸು

ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿ, ಆ ಮನೆಯವರಿಗೆ ಓದಿ ಹೇಳಿ, ಅವರ ಒಪ್ಪಿಗೆಯ ಮೇಲೆ ಈ ಪ್ರಕರಣವನ್ನು ಬರೆಯುತ್ತಿದ್ದೇನೆ.

ಬಂದವರು ಇಳಕಲ್ ಕಡೆಯ ನೇಕಾರರ ಮನೆಯ ಮಗಳು. ಮದುವೆಯಾಗಿ ಬಾಗಲಕೋಟೆಯ ನವನಗರದಲ್ಲಿ ನೆಲೆಸಿರುವ ಶಿಕ್ಷಕಿ. ಆಗ ಏಳು ತಿಂಗಳ ಬಸುರಿ. ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ ಎಂದು ಹೆರಿಗೆ ವೈದ್ಯರಲ್ಲಿ ಹೇಳಿಕೊಂಡಾಗ ಅವರು ಆಪ್ತಸಲಹೆಗಾರ್ತಿಯಾದ ನನ್ನ ಬಳಿಗೆ ಕಳುಹಿಸಿದ್ದರು. ಮೊದಲ ಅರ್ಧ ಗಂಟೆ ಶಾಲೆ, ಬಿಸಿಲು, ಕಾಲಿನ ಬಾವು ಎಂದು ಬೇರೆ ಬೇರೆ ಮಾತುಗಳಲ್ಲೇ ಕಳೆಯಿತು. ಇನ್ನೇನು ಎದ್ದು ಹೊರಡಬೇಕು ಎನ್ನುವಾಗ ವಿಷಯ ಹೊರಗೆ ಬಂತು. “ಕುಬಸದ ದಿನ ನಮ್ಮವ್ವ ನನ್ನ ಉಡಿ ತುಂಬಿ, ಹೊಟ್ಟಿ ಮ್ಯಾಲ ಕೈಯಿಟ್ಟು, ‘ತಿರಿಗಿ ಬಂದೇನಪಾ’ ಅಂತ ನಮ್ಮ ತಮ್ಮನ ಹೆಸರ ಹಿಡದು ಕರದಳ್ರಿ ಮೇಡಂ. ಅವತ್ತಿನಿಂದ ಈ ಕೂಸು ನಂದಲ್ಲೇನೋ ಅನಸಾಕತ್ತೈತಿ.”

ತಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು. 24ರ ಹುಡುಗ, ಮನೆಗೆ ಒಬ್ಬನೇ ಗಂಡುಮಗ; ರಾತ್ರಿ ಬೈಕಿನಲ್ಲಿ ಊರಿಗೆ ಮರಳುವಾಗ ಹೆದ್ದಾರಿಯಲ್ಲಿ ಅಪಘಾತವಾಗಿತ್ತು. ಅಂದಿನಿಂದ ಆ ಮನೆಯಲ್ಲಿ ಅವನ ಹೆಸರನ್ನು ಯಾರೂ ಎತ್ತಿರಲಿಲ್ಲ. ತಾಯಿ ಅವನ ಬಟ್ಟೆ, ಫೋಟೋಗಳನ್ನೆಲ್ಲ ಟ್ರಂಕಿನಲ್ಲಿಟ್ಟು ಕೀಲಿ ಹಾಕಿದ್ದರು. ತಂದೆ ಮಾತ್ರ ಒಂದು ದೊಡ್ಡ ಫೋಟೋ ಮಾಡಿಸಿ ಪಡಸಾಲೆಯಲ್ಲಿ ತೂಗುಹಾಕಿ, ಬಂದವರ ಮುಂದೆ “ದೇವರಂಥ ಮಗ” ಎಂಬ ಎರಡು ಪದಗಳಾಚೆ ಏನನ್ನೂ ಹೇಳುತ್ತಿರಲಿಲ್ಲ. ಅಕ್ಕನ ದುಃಖದ ತಿರುಳು ಎರಡನೆಯ ಭೇಟಿಯಲ್ಲಿ ಅವರೇ ಆಡಿದ ಮಾತಿನಲ್ಲಿತ್ತು: “ಅವ ಹೆಂಗ ಹ್ವಾದ ಅನ್ನೂದಷ್ಟ ಕಣ್ಣಾಗ ಕುಂತೈತ್ರಿ. ಹೆಂಗಿದ್ದ ಅನ್ನೂದು ಮರತ ಹೊಂಟೈತಿ.”

ನನ್ನ ಮೊದಲ ಕೆಲಸ ಅವರ ಸುರಕ್ಷತೆಯನ್ನು ವಿಚಾರಿಸುವುದಾಗಿತ್ತು. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳಿದೆ; ಇಲ್ಲವೆಂದರು. ರಾತ್ರಿ ತಡೆಯಲಾಗದಂತಾದರೆ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದಾದ, ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಅವರ ಫೋನಿನಲ್ಲಿ ಉಳಿಸಿಕೊಟ್ಟೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೆಯ ಆವೃತ್ತಿ 2022ರಿಂದ ಜಾರಿಯಲ್ಲಿದ್ದು, ದೀರ್ಘಕಾಲ ಕಾಡುವ ಶೋಕವನ್ನು ಅದು ಒಂದು ಕಾಯಿಲೆಯೆಂದು ಗುರುತಿಸುತ್ತದೆ. ಆದರೆ ಅದಕ್ಕೆ ಕನಿಷ್ಠ 6 ತಿಂಗಳು ಕಳೆದಿರುವುದಷ್ಟೇ ಸಾಲದು, ಆ ಸಮಾಜದ ರೂಢಿಗೆ ಮೀರಿದ ತೀವ್ರತೆಯಿದ್ದು ದಿನದ ಬದುಕಿಗೆ ದೊಡ್ಡ ಅಡ್ಡಿಯಾಗುವಂತಿರಬೇಕು. ಮಗಳು ಶಾಲೆಗೆ ಹೋಗುತ್ತಿದ್ದರು, ಅಡಿಗೆ ಮಾಡುತ್ತಿದ್ದರು, ಜೊತೆಯವರೊಡನೆ ನಗುತ್ತಲೂ ಇದ್ದರು. ನನಗೆ ಹೆಚ್ಚು ಕಾಳಜಿಯಾದದ್ದು ತಾಯಿಯ ಬಗ್ಗೆ. ಅವರನ್ನು ಕರೆತರಲು ಮೂರು ವಾರ ಹಿಡಿಯಿತು.

ಇಲ್ಲೊಂದು ಮಾತು. ಸತ್ತವರ ಹೆಸರನ್ನು ಹುಟ್ಟಿದ ಮಗುವಿಗೆ ಇಡುವ ನಮ್ಮ ರೂಢಿಯ ಬಗ್ಗೆ ನನಗೆ ತಕರಾರಿಲ್ಲ. ನನಗೇ ನನ್ನ ಮುತ್ತಜ್ಜಿಯ ಹೆಸರಿದೆ. ಆದರೆ ಉಂಡು, ಉಟ್ಟು, ಮೊಮ್ಮಕ್ಕಳನ್ನು ಕಂಡು ಹೋದ ಹಿರಿಯರ ಹೆಸರು ಬೇರೆ, ಅರ್ಧಕ್ಕೆ ಎದ್ದುಹೋದ ಹುಡುಗನ ಹೆಸರು ಬೇರೆ. ಮೊದಲನೆಯದು ಮಗುವಿಗೆ ಆಶೀರ್ವಾದ. ಎರಡನೆಯದು, ಮನೆಯವರ ಅಳು ಇನ್ನೂ ಆರದಿದ್ದರೆ, ಮಗುವಿನ ತಲೆಯ ಮೇಲೆ ಹೊರೆ. ತೀರಿಕೊಂಡ ಮಗುವಿನ ಜಾಗ ತುಂಬಲೆಂದೇ ಬೆಳೆಸಿದ ಮಕ್ಕಳು ಅನುಭವಿಸುವ ಕಷ್ಟದ ಬಗ್ಗೆ 1964ರಷ್ಟು ಹಿಂದೆಯೇ ಅಮೆರಿಕದ ಸಂಶೋಧಕರು ಬರೆದಿದ್ದಾರೆ. ಇದನ್ನು ತಾಯಿಯ ಮುಂದೆ ಹೇಳಿ ಪ್ರಯೋಜನವಿರಲಿಲ್ಲ, ಹೇಳಲೂ ಇಲ್ಲ.

ಕೊನೆಗೆ ಮಗಳು, ತಾಯಿ, ತಂದೆ ಮೂವರೂ ಒಟ್ಟಿಗೆ ಬಂದ ದಿನ ಗಂಡಹೆಂಡತಿಯರ ನಡುವಿನ ಮುನಿಸು ಮೊದಲು ಕಾಣಿಸಿಕೊಂಡಿತು. ಮಗ ಹೋದ 12ನೆಯ ದಿನಕ್ಕೇ ಗಂಡ ನೇಯಲು ಮಗ್ಗದ ಕುಣಿಗೆ ಇಳಿದರೆಂಬುದನ್ನು ತಾಯಿ ಎರಡು ವರ್ಷದಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದರು. ಶೋಕದಲ್ಲಿರುವ ಮನುಷ್ಯ ಒಮ್ಮೆ ನೋವಿನ ಕಡೆಗೆ, ಇನ್ನೊಮ್ಮೆ ಬದುಕಿನ ಕೆಲಸದ ಕಡೆಗೆ ಲಾಳಿಯ ಹಾಗೆ ಓಡಾಡುತ್ತಾನೆ, ಎರಡೂ ಬೇಕು, ಒಂದೇ ಮನೆಯಲ್ಲಿ ಒಬ್ಬರು ಈ ದಡದಲ್ಲಿದ್ದಾಗ ಮತ್ತೊಬ್ಬರು ಆ ದಡದಲ್ಲಿರುವುದು ಸಹಜ ಎಂದು ವಿವರಿಸಿದೆ. ತಾಯಿ ಒಪ್ಪಿದಂತೆ ಕಾಣಲಿಲ್ಲ. ನಾನೂ ಒತ್ತಾಯಿಸಲಿಲ್ಲ.

ಮುಂದಿನ ಭೇಟಿಗೆ ಒಂದು ಕೆಲಸ ಕೊಟ್ಟೆ. ಹುಡುಗನ ಬಗ್ಗೆ ಪ್ರತಿಯೊಬ್ಬರೂ ಒಂದೊಂದು ನೆನಪು ತರಬೇಕು. ಅದು ಆ ಕೊನೆಯ ರಾತ್ರಿಯದ್ದಾಗಿರಬಾರದು, ಅವನನ್ನು ಹೊಗಳುವಂಥದ್ದೂ ಆಗಿರಬಾರದು. ತಂದೆಯ ಮುಖ ಗಂಟಿಕ್ಕಿತು. ದೇವರಾದವನನ್ನು ಪೂಜಿಸಬಹುದೇ ಹೊರತು ನೆನೆಯಲು ಬರುವುದಿಲ್ಲ, ಅವನ ಮೇಲೆ ಸಿಟ್ಟಾಗಲಂತೂ ಬರುವುದೇ ಇಲ್ಲ ಎಂಬುದು ನನ್ನ ಅನುಭವ. ಹೀಗೆ ಹೊರಗೆ ಬಾರದ ಸಿಟ್ಟು ಮನೆಯವರ ಮೇಲೇ ತಿರುಗುವುದನ್ನು ಹಲವು ಮನೆಗಳಲ್ಲಿ ಕಂಡಿದ್ದೇನೆ.

ಅಕ್ಕ ತಂದದ್ದು ಸಾಲದ ಲೆಕ್ಕ. ಮೊಬೈಲಿಗೆಂದು 4 ಸಾವಿರ ರೂಪಾಯಿ ಇಸಿದುಕೊಂಡವನು ಕೇಳಿದಾಗಲೆಲ್ಲ “ನಿನ್ನ ಕೂಸಿನ ಜವಳದಾಗ ಆಯೇರಿ ಮಾಡಿ ತೀರಸ್ತೀನಿ” ಎನ್ನುತ್ತಿದ್ದನಂತೆ; ಜವಳವೆಂದರೆ ಕೂಸಿನ ಮೊದಲ ಕೂದಲು ತೆಗೆಸುವ ಶಾಸ್ತ್ರ, ಆಯೇರಿ ಎಂದರೆ ಆಗ ಕೊಡುವ ಉಡುಗೊರೆ. ತಾಯಿ ಶೇಂಗಾ ಉಂಡಿಯ ಡಬ್ಬಿಯ ಕಳ್ಳತನವನ್ನು ಹೇಳುತ್ತ ನಕ್ಕು, ನಕ್ಕಿದ್ದಕ್ಕೆ ಅಳತೊಡಗಿದರು. ತಂದೆ ಬಾಯಿಂದ ಏನನ್ನೂ ಹೇಳದೆ ಒಂದು ಚೀಲದಿಂದ ಸೀರೆಯೊಂದನ್ನು ತೆಗೆದು ಮೇಜಿನ ಮೇಲೆ ಹಾಸಿದರು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಉದ್ದಕ್ಕೆ ಹೂಡಿದ ಎಳೆಗಳು, ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಒಂದಕ್ಕೊಂದು ಕೊಂಡಿ ಹಾಕಿ ಸೇರಿಸಬೇಕು, ಮತ್ತು ಅದನ್ನು ಪ್ರತಿ ಸೀರೆಗೂ ಹೊಸದಾಗಿ ಮಾಡಬೇಕು. ಈ ಸೀರೆಯಲ್ಲಿ ಕಪ್ಪು ಒಡಲು ಕೆಂಪು ಸೆರಗನ್ನು ಕೂಡುವ ಗೆರೆಯ ಮೇಲೆ ನಾಲ್ಕೈದು ಎಳೆ ತಪ್ಪಿ, ಉಗುರು ಸಿಕ್ಕಿಕೊಳ್ಳುವಷ್ಟು ಸಂದು ಬಿದ್ದಿತ್ತು. ಕೊಂಡಿ ಹಾಕಿದವನು ಮಗ. ಮಗ್ಗ ಬಿಟ್ಟು ಗ್ರಾನೈಟ್ ಕೆಲಸಕ್ಕೆ ಹೋಗುತ್ತೇನೆಂದು ಹಟ ಹಿಡಿದಿದ್ದವನ ಮನಸ್ಸು ಕೆಲಸದ ಮೇಲಿರಲಿಲ್ಲ. ಸೀರೆ ಕೆಟ್ಟಿದ್ದಕ್ಕೆ ತಂದೆ ಬಾಯಿಗೆ ಬಂದಂತೆ ಬೈದಿದ್ದರು. ಅದಾದ ಐದನೆಯ ದಿನ ಅವನಿರಲಿಲ್ಲ. “ಮಾರಾಕ ಆಗವಲ್ದು, ಸುಡಾಕ ಆಗವಲ್ದು” ಎಂದು ಹೇಳಿ ತಂದೆ ಆ ಸಂದಿನ ಮೇಲೆ ಬೆರಳಾಡಿಸುತ್ತ ಕುಳಿತರು. ತಾಯಿ ಎದ್ದು ಹೋಗಿ ಅವರ ಪಕ್ಕದ ಕುರ್ಚಿಯಲ್ಲಿ ಕುಳಿತರು. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಇಂಥ ಹೊತ್ತಿನಲ್ಲಿ ಸಲಹೆಗಾರರು ಸುಮ್ಮನಿರುವುದೇ ಮೇಲು.

ಅಂದು ನಾನು ತಾಯಿಗೆ ಹೇಳಿದ್ದು ಇಷ್ಟು. “ಯವ್ವಾ, ಬರೂ ಕೂಸಿಗೆ ನಿಮ್ಮ ಮಗ ಏನಾಗಬೇಕು? ಸೋದರಮಾವ ಆಗಬೇಕು. ಆ ಕೂಸನ್ನ ನಿಮ್ಮ ಮಗನ್ನ ಮಾಡಿದ್ರ ಅದಕ್ಕ ಮಾವನ ಇಲ್ಲದಂಗ ಆಗತೈತಿ.” ಜವಳದಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬೇಕಾದವನು, ತೊಟ್ಟಿಲಿಗೆ, ಕುಲಾಯಿಗೆ, ಕಾಲ್ಗಡಗಕ್ಕೆ ನೆನಪಾಗಬೇಕಾದವನು ಅವನೇ. ಅವನು ಎಂಥ ಮಾವನಾಗುತ್ತಿದ್ದ ಎಂಬುದನ್ನು ಮಗುವಿಗೆ ಹೇಳಬಲ್ಲವರು ಈ ಮೂವರೇ ಎಂದೆ. ಅವರು ಉತ್ತರ ಕೊಡಲಿಲ್ಲ, ಆದರೆ ‘ಮಾವ’ ಎಂಬ ಪದವನ್ನು ಮೆಲ್ಲಗೆ ತಮ್ಮಷ್ಟಕ್ಕೇ ಹೇಳಿಕೊಂಡರು.

ಮಗಳಿಗೆ ನಾನು ಕೊಟ್ಟ ಸಲಹೆ ಹೆಚ್ಚು ನೇರವಾದದ್ದು. ಹೆಸರು ಇಡುವ ಹಕ್ಕು ಅವರದು ಮತ್ತು ಅವರ ಗಂಡನದು. ಬೇಡವೆನ್ನುವುದಾದರೆ ತೊಟ್ಟಿಲ ಮುಂದೆ ನಾಲ್ಕು ಜನರ ನಡುವೆ ಹೇಳುವ ಬದಲು ಹೆರಿಗೆಗೆ ಮೊದಲೇ ತಾಯಿಗೆ ತಿಳಿಸಬೇಕು. ದಿನಕ್ಕೊಂದರಂತೆ ತಮ್ಮನ ಒಂದು ಮಾತು, ಒಂದು ತಂಟೆ, ಒಂದು ಇಷ್ಟದ ಊಟವನ್ನು ನೋಟುಬುಕ್ಕಿನಲ್ಲಿ ಬರೆದಿಡಬೇಕು. 4 ಸಾವಿರದ ಸಾಲವೂ ಅದರಲ್ಲಿರಲಿ. ಹೆರಿಗೆಯಾದ ಮೇಲೆ ಎರಡು ವಾರ ದಾಟಿಯೂ ಅಳು, ನಿದ್ರಾಹೀನತೆ, ಕೂಸಿನ ಬಗ್ಗೆ ನಿರಾಸಕ್ತಿ ಉಳಿದರೆ ಬಾಣಂತಿತನದಲ್ಲಿ ಹೀಗೇ ಎಂದು ತಳ್ಳಿಹಾಕದೆ ಮನೋವೈದ್ಯರನ್ನು ಕಾಣಬೇಕು. ತಾಯಿಗೆ, ಟ್ರಂಕನ್ನು ಒಂದೇ ದಿನ ಬರಿದು ಮಾಡಬೇಡಿ, ಮನಸ್ಸಾದ ದಿನ ಒಂದು ಅಂಗಿಯನ್ನಷ್ಟೇ ತೆಗೆಯಿರಿ ಎಂದೆ. ತಂದೆಗೆ, ಪುಣ್ಯತಿಥಿಯ ಜೊತೆಗೆ ಅವನ ಹುಟ್ಟಿದ ದಿನವನ್ನೂ ಮನೆಯಲ್ಲಿ ನೆನೆಯಿರಿ ಎಂದೆ.

ಹೆಣ್ಣುಮಗು ಹುಟ್ಟಿತು. ಅಜ್ಜಿಯಾದ ಆ ತಾಯಿ ನಾಲ್ಕು ದಿನ ಮಂಕಾಗಿದ್ದರೆಂದು ಕೇಳಿದೆ; ಐದನೆಯ ದಿನ ತಾವೇ ಕೂಸಿಗೆ ಎರೆದು ನೀರು ಹಾಕಿದರಂತೆ. ಹೆಸರು ಮಗಳು ಅಳಿಯ ಆರಿಸಿದ್ದು. ಟ್ರಂಕು ಇನ್ನೂ ಪೂರ್ತಿ ತೆರೆದಿಲ್ಲ, ತಾಯಿ ತಿಂಗಳಿಗೊಮ್ಮೆ ನನ್ನಲ್ಲಿಗೆ ಬರುತ್ತಿದ್ದಾರೆ.

ಈಗ ಜವಳದ ಮಾತು ನಡೆದಿದೆ. ಕೂಸು ಯಾರ ತೊಡೆಯ ಮೇಲೆ ಕೂರಬೇಕು, ಮಗಳ ಕಾಕಾನ ಮಗನದೋ ಅಜ್ಜನದೋ ಎಂಬುದು ತೀರ್ಮಾನವಾಗದೆ ಮನೆಯಲ್ಲಿ ಮೊನ್ನೆ ದೊಡ್ಡ ಜಗಳವೇ ಆಯಿತಂತೆ. ಜಗಳದ ನಡುವೆ ತಾಯಿ ಮಗನ ಹೆಸರು ಹಿಡಿದು, “ಅವ ಇದ್ದಿದ್ರ ಕೂಸಿನ ಕೂದಲಾನೂ ಓರೆ ಕತ್ತರಸ್ತಿದ್ದ ಬಿಡು” ಎಂದರಂತೆ.