ಹಳೆಯ ಕ್ಯಾಂಪರ್ ವ್ಯಾನಿಗೆ ಬಿಸಿಯಾಗುವ ಮುಂಗಾಜು: ಓದುಗರು ಕೇಳಿದ್ದು, ನಾವು ಹೇಳಿದ್ದು

ಪ್ರಶ್ನೆ: ನಮ್ಮದು 1974ರ ಫೋಕ್ಸ್‌ವ್ಯಾಗನ್ ಬೇ ವಿಂಡೋ, ಅಂದರೆ ಮುಂಗಾಜು ಒಂದೇ ತುಂಡಾಗಿರುವ ವ್ಯಾನ್. ಚಳಿಗಾಲದಲ್ಲಿ ಬೆಳಿಗ್ಗೆ ಗಾಡಿ ತೆಗೆದರೆ ಹೀಟರಿನ ಬಿಸಿ ಮುಂಗಾಜಿಗೆ ತಲುಪುವಷ್ಟರಲ್ಲಿ ಊರೇ ಬಂದಿರುತ್ತದೆ. ಒಳಗೆ ತಂತಿ ಇರುವ, ಕರೆಂಟಿನಿಂದ ಬಿಸಿಯಾಗುವ ಗಾಜು ಹಾಕಿಸಿದರೆ ನಿಜಕ್ಕೂ ಉಪಯೋಗ ಇದೆಯೇ?

ಉತ್ತರ: ಇದೆ, ಅದರಲ್ಲೂ ನಿಮ್ಮ ಗಾಡಿಗೆ. ಎಂಜಿನ್ ಇರುವುದು ಹಿಂದೆ, ಅದನ್ನು ತಣಿಸುವುದು ಗಾಳಿ. ಸೈಲೆನ್ಸರ್ ಕೊಳವೆಯ ಸುತ್ತ ಇರುವ ಡಬ್ಬಿಗಳಲ್ಲಿ ಬಿಸಿಯಾದ ಗಾಳಿ ನೆಲದಡಿಯ ಉದ್ದನೆಯ ಕೊಳವೆಯಲ್ಲಿ ಸಾಗಿ ಮುಂದಕ್ಕೆ ಬರಬೇಕು. ದಾರಿಯಲ್ಲೇ ಅರ್ಧ ಬಿಸಿ ಆರಿಹೋಗುತ್ತದೆ. ತಂತಿ ಗಾಜಿಗೆ ಎಂಜಿನ್ ಬಿಸಿಯಾಗುವವರೆಗೆ ಕಾಯುವ ಕೆಲಸವಿಲ್ಲ. ಎರಡು ಗಾಜಿನ ಹಾಳೆಗಳ ನಡುವಿನ ಪ್ಲಾಸ್ಟಿಕ್ ಪದರದಲ್ಲಿ ಕೂದಲಿಗಿಂತ ಸಣ್ಣ ಟಂಗ್‌ಸ್ಟನ್ ತಂತಿಗಳು ಒತ್ತೊತ್ತಾಗಿ ಹರಿದಿರುತ್ತವೆ. ಹಿಮ ಗಾಜಿಗೆ ಅಂಟಿದ ಜಾಗದಲ್ಲೇ ಮೊದಲು ಕರಗುವುದರಿಂದ ಎರಡು ಮೂರು ನಿಮಿಷಕ್ಕೆ ಹಿಮದ ಇಡೀ ಪದರ ಸಡಿಲವಾಗಿ ಜಾರುತ್ತದೆ. ಫೋರ್ಡ್ ಕಂಪನಿ 1985ರಲ್ಲಿ ಯುರೋಪಿನ ಗ್ರನಾಡಾ, ಸ್ಕಾರ್ಪಿಯೊ ಕಾರುಗಳಲ್ಲಿ ತಂದದ್ದು ಇದೇ ಬಗೆಯ ಗಾಜು.

ಆದರೆ ಗಾಜಿಗೆ ದುಡ್ಡು ಹಾಕುವ ಮೊದಲು ನೆಲದಡಿಯ ಬಿಸಿಗಾಳಿ ಕೊಳವೆಯನ್ನು ಒಮ್ಮೆ ನೋಡಿ. ತುಕ್ಕು ತಿಂದು ತೂತಾಗಿರುತ್ತದೆ, ಇಲ್ಲವೇ ಹೀಟರ್ ಕೇಬಲ್ ಬಿಗಿಯಾಗಿ ಮುಚ್ಚಳ ಪೂರ್ತಿ ತೆರೆಯದೆ ಉಳಿದಿರುತ್ತದೆ. ಅದನ್ನು ಸರಿ ಮಾಡಿಸಲೇಬೇಕು. ಬಿಸಿ ಗಾಜನ್ನು ಹೊತ್ತುಗಟ್ಟಲೆ ಉರಿಸುವಂತಿಲ್ಲ, ಹೊರಟ ಮೇಲೆ ಗಾಜನ್ನು ತಿಳಿಯಾಗಿಡುವುದು ಹೀಟರಿನ ಕೆಲಸ.

ಗಾಡಿಯಲ್ಲೇ ಮಲಗುವವರಿಗೆ ಇನ್ನೊಂದು ಮಾತು. ಒಂದು ಕಿಲೋ ಅಡುಗೆ ಅನಿಲ ಉರಿದರೆ ಸುಮಾರು ಒಂದೂವರೆ ಕಿಲೋ ನೀರು ಆವಿಯಾಗಿ ಗಾಡಿಯೊಳಗೇ ಉಳಿಯುತ್ತದೆ. ಅದರ ಜೊತೆಗೆ ರಾತ್ರಿಯ ಉಸಿರು. ಬೆಳಿಗ್ಗೆ ಗಾಜಿನ ಒಳಮೈಯಲ್ಲಿ ಕೆರೆದರೆ ಪುಡಿಪುಡಿಯಾಗಿ ಉದುರುವ ಬಿಳಿ ಪೊರೆ ಅದೇ. ತಂತಿ ಗಾಜು ಅದನ್ನೂ ಕರಗಿಸುತ್ತದೆ, ಆದರೆ ನೀರು ಬೀಡಿಂಗಿನ (ಗಾಜಿನ ಸುತ್ತಲಿನ ರಬ್ಬರ್ ಪಟ್ಟಿಯ) ಕೆಳಗೆ ಇಳಿದು ತಗಡಿಗೆ ತುಕ್ಕು ಹಿಡಿಸುತ್ತದೆ. ಒಲೆ ಉರಿಯುವಾಗ ಕಿಟಕಿ ತೆರೆದಿಡಿ, ಬೆಳಿಗ್ಗೆ ಒಂದು ಬಟ್ಟೆ ಕೈಗೆ ಸಿಗುವಂತೆ ಇಟ್ಟುಕೊಳ್ಳಿ.

ಪ್ರಶ್ನೆ: ನನ್ನ ಗಾಡಿಯ ಆಲ್ಟರ್ನೇಟರ್ (ಎಂಜಿನ್ ತಿರುಗುವಾಗ ಕರೆಂಟು ಮಾಡುವ ಯಂತ್ರ) 55 ಆಂಪಿಯರಿನದು. ಸಾಕಾಗುತ್ತದೆಯೇ? ಅದರ ಬದಲು ಹಳೆಯ ಕಾಲದ ಡೈನಮೋ ಇರುವ ಗಾಡಿಗೆ ಹಾಕಬಹುದೇ?

ಉತ್ತರ: ಲೆಕ್ಕ ಹಾಕಿ ನೋಡೋಣ. ಸಾಮಾನ್ಯವಾಗಿ ಗಾಜು ಎರಡು ಭಾಗವಾಗಿರುತ್ತದೆ, ಒಂದೊಂದು ಭಾಗ ಸುಮಾರು 20 ಆಂಪಿಯರ್ ಎಳೆಯುತ್ತದೆ. ಒಟ್ಟು 40. ಹೆಡ್‌ಲೈಟಿಗೆ 9, ಉಳಿದ ದೀಪಗಳಿಗೆ 3, ಇಗ್ನಿಷನ್‌ಗೆ 4, ವೈಪರಿಗೆ 4. ಅಲ್ಲಿಗೆ ಇನ್ನೊಂದು 20. ಅಂದರೆ 60 ಆಂಪಿಯರ್. ಆಲ್ಟರ್ನೇಟರ್ ತನ್ನ 55ನ್ನು ಪೂರ್ತಿ ಕೊಡುವುದೂ ಎಂಜಿನ್ ಚೆನ್ನಾಗಿ ತಿರುಗುವಾಗ ಮಾತ್ರ, ಐಡಲಿಂಗ್‌ನಲ್ಲಿ ಅರ್ಧ ಬಂದರೆ ಹೆಚ್ಚು. ನಿಂತಲ್ಲೇ ಐದು ನಿಮಿಷ ಉರಿಸಿದರೆ ಬ್ಯಾಟರಿಯಿಂದ ಸುಮಾರು 3 ಆಂಪಿಯರ್-ಅವರ್ ಹೋಗುತ್ತದೆ. ಆಮೇಲೆ ಅರ್ಧ ಗಂಟೆ ಓಡಿಸುವುದಿದ್ದರೆ ಚಿಂತೆಯಿಲ್ಲ, ತುಂಬಿಕೊಳ್ಳುತ್ತದೆ. ದಿನಾ ಎರಡು ಮೈಲಿ ಹೋಗಿ ನಿಲ್ಲಿಸುವ ಗಾಡಿಯಾದರೆ ವಾರದಲ್ಲಿ ಬ್ಯಾಟರಿ ಸೋಲುತ್ತದೆ. ಅಂಥವರು 70 ಆಂಪಿಯರಿನ ಆಲ್ಟರ್ನೇಟರ್ ಹಾಕಿಸುವುದು ಒಳ್ಳೆಯದು.

ಡೈನಮೋ ಕೊಡುವುದು 30ರಿಂದ 38 ಆಂಪಿಯರ್, ಐಡಲಿಂಗ್‌ನಲ್ಲಿ ಹೆಚ್ಚುಕಡಿಮೆ ಏನೂ ಇಲ್ಲ. ಎರಡೂ ಭಾಗವನ್ನು ಒಟ್ಟಿಗೆ ಉರಿಸುವ ಆಸೆ ಬಿಡಿ. ಒಂದು ಸಲಕ್ಕೆ ಒಂದೇ ಕಡೆ ಹತ್ತುವಂಥ ಸ್ವಿಚ್ ಹಾಕಿ, ಮೊದಲು ಚಾಲಕನ ಕಡೆ, ಆಮೇಲೆ ಪಕ್ಕದ್ದು.

ಎಂಜಿನ್ ಆಫ್ ಇರುವಾಗ, ಮನೆಬಳಕೆಯ ಎರಡನೇ ಬ್ಯಾಟರಿಯಿಂದಲೂ, ಇದನ್ನು ಉರಿಸಬೇಡಿ. ಹತ್ತು ನಿಮಿಷಕ್ಕೆ ಆರೇಳು ಆಂಪಿಯರ್-ಅವರ್ ಖರ್ಚು.

ಪ್ರಶ್ನೆ: ವೈರಿಂಗ್ ನಾನೇ ಮಾಡಬೇಕೆಂದಿದ್ದೇನೆ. ಹಿಂದಿನ ಗಾಜಿನ ಹೀಟರಿನ ಸ್ವಿಚ್ಚಿನಿಂದಲೇ ಒಂದು ವೈರ್ ಎಳೆದರೆ ಆಗುವುದಿಲ್ಲವೇ?

ಉತ್ತರ: ಆಗುವುದಿಲ್ಲ, ದಯವಿಟ್ಟು ಮಾಡಬೇಡಿ. ಆ ಸ್ವಿಚ್ಚಾಗಲಿ, ಇಗ್ನಿಷನ್ ಸ್ವಿಚ್ಚಾಗಲಿ, ಹಳೆಯ ಫ್ಯೂಸ್ ಪೆಟ್ಟಿಗೆಯಾಗಲಿ 40 ಆಂಪಿಯರಿಗಾಗಿ ಮಾಡಿದ್ದಲ್ಲ. ವೈರಿಂಗಿಗೆ ಬೆಂಕಿ ತಗುಲುವುದು ಇಂಥ ಸುಲಭದ ದಾರಿಯಿಂದಲೇ.

ಬ್ಯಾಟರಿ ಎಂಜಿನ್ ಕೋಣೆಯಲ್ಲಿದೆ, ಗಾಜು ಮುಂದಿದೆ. ವೈರ್ 5 ಮೀಟರ್ ಬೇಕಾಗುತ್ತದೆ. 4 ಚದರ ಮಿಲಿಮೀಟರಿನ ವೈರಿನಲ್ಲಿ 40 ಆಂಪಿಯರ್ ಹರಿದರೆ ದಾರಿಯಲ್ಲೇ ಹೆಚ್ಚುಕಡಿಮೆ 0.9 ವೋಲ್ಟ್ ಕಳೆದುಹೋಗುತ್ತದೆ, ವೈರೂ ಬಿಸಿಯಾಗುತ್ತದೆ. 10 ಚದರ ಮಿಲಿಮೀಟರಿನದಾದರೆ ನಷ್ಟ 0.35 ವೋಲ್ಟ್ ಮಾತ್ರ. 10ರದ್ದನ್ನೇ ತನ್ನಿ. ಬ್ಯಾಟರಿಯ ಪ್ಲಸ್ ತುದಿಯಿಂದ ಒಂದು ಗೇಣಿನೊಳಗೆ 50 ಆಂಪಿಯರಿನ ಫ್ಯೂಸ್ ಬರಬೇಕು. ಅದರಾಚೆ ವೈರ್ ಎಲ್ಲಿ ಉಜ್ಜಿ ಬಾಡಿಗೆ ತಗುಲಿದರೂ ಫ್ಯೂಸ್ ಹೋಗಬೇಕೇ ಹೊರತು ಗಾಡಿಯಲ್ಲ. ತಗಡು ದಾಟುವ ಪ್ರತಿ ತೂತಿಗೂ ರಬ್ಬರ್ ಗ್ರಾಮೆಟ್ (ತೂತಿನ ಅಂಚನ್ನು ಮುಚ್ಚುವ ಬಳೆ) ಹಾಕಿ. ಬಿಸಿಗಾಳಿ ಕೊಳವೆ, ಆಕ್ಸಲರೇಟರ್ ಕೇಬಲ್, ಹ್ಯಾಂಡ್‌ಬ್ರೇಕ್ ಕೇಬಲ್‌ಗಳಿಂದ ವೈರನ್ನು ದೂರ ಒಯ್ದು ಕಟ್ಟಿ.

ಡ್ಯಾಶಿನ ಹಿಂದೆ ಈ ವೈರ್ ಎರಡಾಗಿ ಒಡೆಯುತ್ತದೆ. ಒಂದೊಂದು ಕವಲಿಗೆ 30 ಆಂಪಿಯರಿನ ಫ್ಯೂಸ್, 40 ಆಂಪಿಯರಿನ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಚ್ಚಿ ಆರಿಸುವ ಸ್ವಿಚ್), ಅಲ್ಲಿಂದ ಗಾಜಿನ ಒಂದೊಂದು ಭಾಗಕ್ಕೆ 4 ಚದರ ಮಿಲಿಮೀಟರಿನ ವೈರ್. ಗಾಜು ಎಳೆಯುವುದು 20 ತಾನೆ, 25ರ ಫ್ಯೂಸ್ ಸಾಲದೇ ಎಂದು ಕೇಳುತ್ತಾರೆ. ಟಂಗ್‌ಸ್ಟನ್ ತಂಪಾಗಿರುವಾಗ ಅದರ ರೋಧ ಕಡಿಮೆ. ಕೊರೆಯುವ ಚಳಿಯಲ್ಲಿ ಹಚ್ಚಿದ ಮೊದಲ ಗಳಿಗೆ ಕರೆಂಟು ಐದರಲ್ಲೊಂದು ಪಾಲು ಹೆಚ್ಚೇ ಹರಿಯುತ್ತದೆ. 25ರದ್ದು ಆಗಾಗ ಹೋಗಿ ತಲೆನೋವಾಗುತ್ತದೆ. ರಿಲೇಯ ತುದಿಗಳಿಗೆ ಗುರುತಿನ ಅಂಕಿಗಳಿರುತ್ತವೆ: 30ಕ್ಕೆ ಫ್ಯೂಸಿನಿಂದ ಬಂದ ವೈರ್, 87ರಿಂದ ಗಾಜಿಗೆ, 85 ಬಾಡಿಗೆ, 86ಕ್ಕೆ ಸ್ವಿಚ್ಚಿನ ಕಡೆಯಿಂದ.

ಎಂಜಿನ್ ಓಡುತ್ತಿರುವಾಗ ಮಾತ್ರ ಹತ್ತುವ ಹಾಗೆ ಇನ್ನೊಂದು ಸಣ್ಣ ರಿಲೇ ಸೇರಿಸಿ. ಅದರ 86ನ್ನು ಚಾರ್ಜಿಂಗ್ ದೀಪದ 61ನೇ ತುದಿಗೆ ಕೊಡಿ, 85 ಬಾಡಿಗೆ. ಅದರ 30ಕ್ಕೆ ಇಗ್ನಿಷನ್‌ನ 15ನೇ ತುದಿಯಿಂದ 5 ಆಂಪಿಯರ್ ಫ್ಯೂಸ್ ಮೂಲಕ ವೈರ್, 87ರಿಂದ ಸ್ವಿಚ್ಚಿಗೆ, ಸ್ವಿಚ್ಚಿನಿಂದ ಐದು ನಿಮಿಷದ ಟೈಮರಿಗೆ, ಟೈಮರಿನಿಂದ ದೊಡ್ಡ ರಿಲೇಗಳ 86ಕ್ಕೆ. ಎಂಜಿನ್ ನಿಂತ ಕೂಡಲೇ 61ರಲ್ಲಿ ವೋಲ್ಟೇಜ್ ಬೀಳುತ್ತದೆ, ಗಾಜು ತಾನಾಗಿ ಆರುತ್ತದೆ. ಚಾರ್ಜಿಂಗ್ ದೀಪದ ಬಲ್ಬನ್ನು ಮಾತ್ರ ಎಲ್‌ಇಡಿಗೆ ಬದಲಾಯಿಸಬೇಡಿ. ಆಲ್ಟರ್ನೇಟರ್ ಎಚ್ಚರವಾಗಲು ಬೇಕಾದ ಕರೆಂಟು ಹರಿಯುವುದು ಆ ಹಳೆಯ ಬಲ್ಬಿನ ಮೂಲಕವೇ.

ಇನ್ನು ಅರ್ಥ್. ಹತ್ತರಲ್ಲಿ ಎಂಟು ಜನ ಎಡವುವುದು ಇಲ್ಲಿ, ಅದಕ್ಕೇ ಸ್ವಲ್ಪ ನಿಲ್ಲೋಣ. ಪ್ಲಸ್ ವೈರಿನಲ್ಲಿ ಹೋದ 40 ಆಂಪಿಯರೂ ಬಾಡಿಯ ಮೂಲಕ ವಾಪಸು ಬರಬೇಕು. ಬಾಡಿಯಿಂದ ಎಂಜಿನ್ನಿಗೆ ಹೋಗಲು ಇರುವ ದಾರಿ ಗೇರ್‌ಬಾಕ್ಸಿನ ಮುಂತುದಿಯಲ್ಲಿರುವ ಒಂದು ಹೆಣೆದ ತಾಮ್ರದ ಪಟ್ಟಿ. ಐವತ್ತು ವರ್ಷದ ಎಣ್ಣೆ ಮಣ್ಣು ತಿಂದು ಅದು ಹಸಿರುಗಟ್ಟಿರುತ್ತದೆ. ಹೊಸದನ್ನು ಹಾಕಿ, ಎರಡೂ ತುದಿಯಲ್ಲಿ ತಗಡು ಹೊಳೆಯುವ ತನಕ ಉಜ್ಜಿ ಬಿಗಿಯಿರಿ, ಮೇಲೆ ಗ್ರೀಸ್ ಸವರಿ. ಬ್ಯಾಟರಿಯ ಮೈನಸ್ ಪಟ್ಟಿಗೂ ಇದೇ ಉಪಚಾರ. ಮುಂದೆ ಗಾಜಿನ ಮೈನಸ್ ವೈರನ್ನು ಬಣ್ಣದ ಮೇಲೆ ಸ್ಕ್ರೂ ಹೊಡೆದು ಕೂರಿಸಬಾರದು. ಬಣ್ಣ ತೆಗೆದ ಜಾಗದಲ್ಲಿ ಬೋಲ್ಟ್, ಲಗ್ (ವೈರಿನ ತುದಿಗೆ ಹಾಕುವ ಲೋಹದ ಬಳೆ), ಹಲ್ಲಿನ ವಾಷರ್.

ಕೊನೆಗೆ ಪರೀಕ್ಷೆ. ಗಾಜು ಉರಿಯುತ್ತಿರುವಾಗ ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಮೇಲೆ, ಇನ್ನೊಂದು ಗಾಜಿನ ಮೈನಸ್ ತುದಿಯ ಮೇಲೆ. 0.2 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥ್ ಇನ್ನೂ ಸರಿಯಾಗಿಲ್ಲ. ಬ್ಯಾಟರಿ ಪ್ಲಸ್‌ನಿಂದ ಗಾಜಿನ ಪ್ಲಸ್‌ವರೆಗೆ 0.5ರ ಒಳಗಿರಬೇಕು.

ಪ್ರಶ್ನೆ: ಗಾಜು ಕೂರಿಸುವಾಗ ತಂತಿಯ ತುದಿ ಕಿತ್ತುಹೋಗುತ್ತದೆ ಎಂದು ಹೆದರಿಸುತ್ತಾರೆ. ಹೇಗೆ ಕೂರಿಸಬೇಕು?

ಉತ್ತರ: ಹೆದರಿಕೆ ಸುಳ್ಳಲ್ಲ. ಗಾಜಿನ ಅಂಚಿನಿಂದ ಹೊರಗೆ ಚಾಚಿರುವ ಆ ತೆಳು ಪಟ್ಟಿ ಹರಿದರೆ ಇಡೀ ಗಾಜೇ ವ್ಯರ್ಥ.

ಪೆಟ್ಟಿಗೆ ಬಿಚ್ಚಿದೊಡನೆ, ಗಾಡಿಯ ಹತ್ತಿರ ಒಯ್ಯುವ ಮೊದಲೇ, ಗಾಜನ್ನು ಕಂಬಳಿಯ ಮೇಲೆ ಮಲಗಿಸಿ ಪರೀಕ್ಷಿಸಿ. ಒಂದೊಂದು ಭಾಗ 0.6 ಓಮ್ ಆಸುಪಾಸು ತೋರಿಸಬೇಕು. ಮೀಟರಿನ ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿದಾಗ ಬರುವ ಅಂಕಿಯನ್ನು ಅದರಿಂದ ಕಳೆಯುವುದನ್ನು ಮರೆಯಬೇಡಿ. ಆಮೇಲೆ ಬಾಯಿಂದ ಹಾ ಎಂದು ಗಾಜಿನ ಮೇಲೆ ಉಸಿರು ಬಿಟ್ಟು, ಫ್ಯೂಸ್ ಇರುವ ವೈರಿನಿಂದ ಬ್ಯಾಟರಿಗೆ ಅರ್ಧ ನಿಮಿಷ ತಾಗಿಸಿ. ಮಸುಕು ಒಂದೇ ಸಮ ಆರಬೇಕು. ಆರದೆ ಉಳಿದ ಪಟ್ಟೆ ಕಂಡರೆ ಆ ಗಾಜನ್ನು ವಾಪಸು ಕೊಡಿ.

ಹಳೆಯ ಬೀಡಿಂಗನ್ನು ಮತ್ತೆ ಬಳಸಬೇಡಿ. ಕಲ್ಲಾಗಿರುವ ರಬ್ಬರ್ ಗಾಜನ್ನೇ ಒಡೆಯುತ್ತದೆ. ಗಾಜು ತೆಗೆದಾಗ ಚೌಕಟ್ಟಿನ ಕೆಳಗಿನ ಎರಡು ಮೂಲೆಗಳಲ್ಲಿ ತುಕ್ಕು ಸಿಗುವುದು ಹೆಚ್ಚುಕಡಿಮೆ ಖಂಡಿತ. ಕೆರೆದು, ಬೇಕಾದರೆ ವೆಲ್ಡ್ ಮಾಡಿ, ಬಣ್ಣ ಪೂರ್ತಿ ಒಣಗಿದ ಮೇಲೆ ಮುಂದಿನ ಕೆಲಸ.

ಬೀಡಿಂಗನ್ನು ಗಾಜಿನ ಸುತ್ತ ಕೂರಿಸಿ, ಅಲಂಕಾರದ ಪಟ್ಟಿ ಇದ್ದರೆ ಈಗಲೇ ತೂರಿಸಿ, ಗಾಡಿಗೆ ಹಾಕಿದ ಮೇಲೆ ಅದು ಹೋಗುವುದಿಲ್ಲ. ತಂತಿಯ ತುದಿಗಳನ್ನು ಗಾಜಿನ ಒಳಮೈಗೆ ಮಡಚಿ ಕಾಗದದ ಟೇಪಿನಿಂದ ಅಂಟಿಸಿ. ಬೀಡಿಂಗಿನಲ್ಲಿ ತಗಡು ಕೂರುವ ಸೀಳಿನೊಳಗೆ 4-5 ಮಿಲಿಮೀಟರ್ ದಪ್ಪದ ಹುರಿಯನ್ನು ಸುತ್ತಲೂ ಕೂರಿಸಿ, ಎರಡು ತುದಿಯೂ ಕೆಳಗೆ ನಡುವಿನಲ್ಲಿ ಒಂದು ಗೇಣಷ್ಟು ಒಂದರ ಮೇಲೊಂದು ಬರಲಿ. ಸೋಪುನೀರು ಧಾರಾಳವಾಗಿ ಹಚ್ಚಿ. ಗ್ರೀಸ್, ಎಣ್ಣೆ ಬೇಡ, ರಬ್ಬರ್ ಉಬ್ಬುತ್ತದೆ. ಇಬ್ಬರು ಹೊರಗಿನಿಂದ ಅಂಗೈಯಲ್ಲಿ ಒತ್ತುತ್ತಿರಲಿ, ಒಬ್ಬರು ಒಳಗಿನಿಂದ ಹುರಿ ಎಳೆಯುತ್ತ ಬರಲಿ. ಬೀಡಿಂಗಿನ ಅಂಚು ತಗಡಿನ ಮೇಲೆ ಒಂದೊಂದೇ ಅಂಗುಲ ಮಗುಚಿಕೊಳ್ಳುತ್ತದೆ. ತಂತಿಯ ತುದಿ ಇರುವ ಜಾಗಕ್ಕೆ ಬಂದಾಗ ನಿಲ್ಲಿ. ಅಲ್ಲಿ ಬೆರಳಿನಿಂದ ತುದಿಯನ್ನು ಬದಿಗೆ ಹಿಡಿದುಕೊಂಡು ಹುರಿಯನ್ನು ನಿಧಾನ ಎಳೆಯಿರಿ, ಇಲ್ಲವಾದರೆ ಹುರಿಯೇ ಅದನ್ನು ಕತ್ತರಿಸುತ್ತದೆ.

ವೈರ್ ಜೋಡಿಸುವ ಮುನ್ನ ಪ್ರತಿ ತುದಿಗೂ ಬಾಡಿಗೂ ನಡುವೆ ಮೀಟರ್ ಹಿಡಿದು ನೋಡಿ. ಸಂಪರ್ಕ ತೋರಿಸಿದರೆ ಪಟ್ಟಿ ಬೀಡಿಂಗಿನಡಿ ತಗಡಿಗೆ ಸಿಕ್ಕಿಕೊಂಡಿದೆ, ಬಿಡಿಸಲೇಬೇಕು.

ಪ್ರಶ್ನೆ: ಹಾಕಿಸಿ ಒಂದು ಚಳಿಗಾಲ ಕಳೆಯಿತು. ಈಗ ಎಡಭಾಗದಲ್ಲಿ ಒಂದು ಗೆರೆಯಷ್ಟು ಹಿಮ ಕರಗುವುದಿಲ್ಲ. ಜೊತೆಗೆ ಒಂದು ಫ್ಯೂಸ್ ಹೋಲ್ಡರ್ ಕರಗಿದೆ, ಫ್ಯೂಸ್ ಮಾತ್ರ ಹೋಗಿಲ್ಲ.

ಉತ್ತರ: ಗೆರೆಯಷ್ಟೇ ಆದರೆ ಒಂದು ತಂತಿ ತುಂಡಾಗಿದೆ ಅಷ್ಟೆ. ಉಳಿದವು ಬೇರೆ ಬೇರೆ ದಾರಿಯಲ್ಲಿ ಉರಿಯುತ್ತವೆ, ಹಾಗೇ ಬಿಡಿ. ಆ ಜಾಗದಲ್ಲಿ ಕಲ್ಲೇಟಿನ ಗುರುತಿದ್ದರೆ ಮಾತ್ರ ಗಾಜನ್ನು ಹಚ್ಚಬೇಡಿ, ಬಿಸಿಗೆ ಬಿರುಕು ಓಡುತ್ತದೆ.

ಹೋಲ್ಡರ್ ವಿಷಯ ಗಂಭೀರ. ಫ್ಯೂಸ್ ಅಳೆಯುವುದು ಕರೆಂಟನ್ನು, ಸಡಿಲ ಕ್ಲಿಪ್ಪನ್ನಲ್ಲ. ಆ ಕ್ಲಿಪ್ಪಿನಲ್ಲಿ ಬರೀ 0.05 ಓಮ್ ರೋಧ ಇದ್ದರೂ 20 ಆಂಪಿಯರಿಗೆ 20 ವ್ಯಾಟ್ ಬಿಸಿ, ಉಗುರಿನಷ್ಟು ಜಾಗದಲ್ಲಿ. ಬೆಸುಗೆ ಹಾಕುವ ಕಡ್ಡಿಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟ ಹಾಗೆ. ದೊಡ್ಡ ಮ್ಯಾಕ್ಸಿ ಫ್ಯೂಸಿನ ಹೋಲ್ಡರ್ ತಂದು ಹಾಕಿ, ವೈರಿನ ತುದಿ ಕಪ್ಪಾಗಿದ್ದರೆ ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ ಹೊಸದಾಗಿ ಕ್ರಿಂಪ್ ಮಾಡಿ, ಅಂದರೆ ಲಗ್ಗನ್ನು ಇಕ್ಕಳದಿಂದ ಒತ್ತಿ ಬಿಗಿಯಿರಿ. ಐದು ನಿಮಿಷ ಉರಿಸಿ ಎಲ್ಲ ಜೋಡಣೆಗಳನ್ನೂ ಕೈಯಿಂದ ಮುಟ್ಟಿ ನೋಡಿ. ಬೆರಳು ಇಟ್ಟುಕೊಳ್ಳಲಾಗದಷ್ಟು ಬಿಸಿ ಎಲ್ಲೂ ಇರಬಾರದು.

ಪ್ರಶ್ನೆ: 1963ರ ಸ್ಪ್ಲಿಟ್ ಸ್ಕ್ರೀನ್ ಗಾಡಿ, 6 ವೋಲ್ಟಿನದು. ಎರಡು ತುಂಡು ಗಾಜಿಗೂ ಇದು ಆಗುತ್ತದೆಯೇ?

ಉತ್ತರ: ಗಾಜು ಎರಡು ತುಂಡಾಗಿರುವುದು ಅಡ್ಡಿಯಲ್ಲ, 6 ವೋಲ್ಟ್ ಅಡ್ಡಿ. 12 ವೋಲ್ಟಿಗೆ ಮಾಡಿದ ಗಾಜಿಗೆ 6 ವೋಲ್ಟ್ ಕೊಟ್ಟರೆ ಬರುವುದು ಕಾಲುಭಾಗ ಬಿಸಿ. ಮಂಜಿನ ಮಸುಕು ಹೋದೀತು, ಹಿಮ ಹೋಗದು. 6 ವೋಲ್ಟಿಗೇ ಹೊಂದುವ ಗಾಜು ಮಾಡಿಸಿದರೆ ಅಷ್ಟೇ ಬಿಸಿಗೆ ಎರಡು ಪಟ್ಟು ಕರೆಂಟು ಬೇಕು, ಆ ಡೈನಮೋ ತಾಳುವುದಿಲ್ಲ. ಗಾಡಿಯನ್ನು 12 ವೋಲ್ಟಿಗೆ ಬದಲಾಯಿಸುವ ಮನಸ್ಸಿದ್ದರೆ ಮೊದಲು ಅದನ್ನು ಮುಗಿಸಿ, ಆಮೇಲೆ ಗಾಜಿಗೆ ಆರ್ಡರ್ ಕೊಡಿ. ಮೂಲದ 6 ವೋಲ್ಟನ್ನೇ ಉಳಿಸಿಕೊಳ್ಳುವವರು ರಾತ್ರಿ ಹೊರಗಿನಿಂದ ಗಾಜಿಗೆ ದಪ್ಪ ಹೊದಿಕೆ ಹಾಕಿ. ಹೊದಿಕೆಯ ಅಂಚನ್ನು ಬಾಗಿಲಿನೊಳಗೆ ಸಿಕ್ಕಿಸಿದರೆ ಗಾಳಿಗೆ ಹಾರುವುದಿಲ್ಲ.