ಏಂಜಲ್ ಮೀನುಗಳ ಮೈಗೆ ಅಂಟಿಕೊಳ್ಳುತ್ತಿರುವ ಈ 'ಆಲ್ಗೆ ಈಟರ್' ಯಾವ ಮೀನು?

ನೂರು ಲೀಟರಿನ ತೊಟ್ಟಿಯಲ್ಲಿ ಏಂಜಲ್ ಮತ್ತು ಟೆಟ್ರಾ ಸಾಕಿದ್ದೀರಿ. ಪಾಚಿ ತಿನ್ನಲೆಂದು ತಂದ, ಮೈಮೇಲೆ ಕಪ್ಪು ಪಟ್ಟೆಯಿರುವ ಬೆರಳುದ್ದದ ಮೀನು ಈಗ ಏಂಜಲ್‌ಗಳ ಪಕ್ಕೆಗೆ ಅಂಟಿಕೊಳ್ಳುತ್ತಿದೆ ಎಂದು ಬರೆದಿದ್ದೀರಿ. ಈ ನಡವಳಿಕೆ ನೋಡಿದರೆ ಅದು ಬಹುತೇಕ ಚೈನೀಸ್ ಆಲ್ಗೆ ಈಟರ್, ಅಂದರೆ ಜೈರಿನೊಕೈಲಸ್ ಐಮೊನಿಯೇರಿ.

ಖಚಿತಪಡಿಸಿಕೊಳ್ಳಲು ಬಣ್ಣವನ್ನು ನೆಚ್ಚಬೇಡಿ. ಇದೇ ಜಾತಿಯಲ್ಲಿ ಅಚ್ಚ ಹಳದಿ ಬಣ್ಣದವೂ ಮಾರಾಟಕ್ಕೆ ಬರುತ್ತವೆ. ಅದು ಗಾಜಿಗೆ ಅಂಟಿಕೊಂಡಾಗ ಹೊರಗಿನಿಂದ ಬಾಯಿ ನೋಡಿ. ತಲೆಯ ಅಡಿಭಾಗದಲ್ಲಿ ತುಟಿಗಳು ಅಗಲವಾಗಿ ಹರಡಿ ಗಾಜನ್ನು ಕಚ್ಚಿ ಹಿಡಿದಿರುತ್ತವೆ, ಕಿವಿರಿನ ಮುಚ್ಚಳ ಮಾತ್ರ ಬಿಡುವಿಲ್ಲದೆ ಪಟಪಟನೆ ಬಡಿದುಕೊಳ್ಳುತ್ತಿರುತ್ತದೆ. ಕಿವಿರಿನ ಮೇಲ್ಭಾಗದಲ್ಲಿ ಅದಕ್ಕೆ ಇನ್ನೊಂದು ಸಣ್ಣ ಸೀಳು ಇದೆ. ಅಲ್ಲಿಂದ ನೀರು ಒಳಗೆ ಬರುವುದರಿಂದ, ರಭಸದ ಹೊಳೆಯಲ್ಲಿ ಕಲ್ಲನ್ನು ಬಾಯಿಯಿಂದ ಹಿಡಿದುಕೊಂಡೇ ಅದು ಉಸಿರಾಡಬಲ್ಲದು. ಎಂಥ ಸೊಗಸಾದ ಏರ್ಪಾಡು!

ಇದರ ಜೊತೆ ಗೊಂದಲವಾಗುವ ಮೀನುಗಳು ಎರಡು. ಸಯಾಮೀಸ್ ಆಲ್ಗೆ ಈಟರ್‌ನ ಕಪ್ಪು ಪಟ್ಟೆ ಬಾಲದ ರೆಕ್ಕೆಯ ತುದಿಯವರೆಗೂ ಹರಿಯುತ್ತದೆ, ಉಳಿದ ರೆಕ್ಕೆಗಳು ಪಾರದರ್ಶಕ. ಫ್ಲೈಯಿಂಗ್ ಫಾಕ್ಸ್‌ಗೆ ಕಪ್ಪು ಪಟ್ಟೆಯ ಮೇಲೊಂದು ಹೊಂಬಣ್ಣದ ಗೆರೆ ಇರುತ್ತದೆ. ಈ ಎರಡಕ್ಕೂ ಗಾಜಿಗೆ ಅಂಟುವ ಬಾಯಿ ಇಲ್ಲ.

ನಿಮ್ಮದು ಚೈನೀಸ್ ಎಂದು ಖಾತ್ರಿಯಾದರೆ ತಡಮಾಡದೆ ಬೇರ್ಪಡಿಸಿ. ಮರಿಯಾಗಿದ್ದಾಗ ಪಾಚಿ ತಿನ್ನುವ ಈ ಮೀನು ಬೆಳೆದಂತೆ ಒರಟಾಗುತ್ತದೆ. ಏಂಜಲ್‌ನಂಥ ಅಗಲ ಮೈಯ, ನಿಧಾನವಾಗಿ ಈಜುವ ಮೀನುಗಳ ಮೈಲೋಳೆಯನ್ನು ಕೆರೆದು ತಿನ್ನುತ್ತದೆ. ಆ ಲೋಳೆಯೇ ಅವುಗಳಿಗೆ ರೋಗದಿಂದ ರಕ್ಷಣೆ. ಸಾಲದ್ದಕ್ಕೆ ಇದು ಒಂದಡಿಯ ಹತ್ತಿರಕ್ಕೆ ಬೆಳೆಯಬಲ್ಲದು. ನೂರು ಲೀಟರ್ ಎಲ್ಲಿ ಸಾಲುತ್ತದೆ? ಅಂಗಡಿಗೆ ಮರಳಿಸಿ, ಇಲ್ಲವೇ ದೊಡ್ಡ ತೊಟ್ಟಿ ಇರುವವರಿಗೆ ಕೊಡಿ. ದಯವಿಟ್ಟು ಕೆರೆಗೋ ಹೊಳೆಗೋ ಬಿಡಬೇಡಿ, ಅದು ನಮ್ಮ ನೀರಿನ ಮೀನಲ್ಲ.

ಏಂಜಲ್‌ಗಳ ಪಕ್ಕೆಯಲ್ಲಿ ಕೆಂಪು ಗಾಯವಾಗಲಿ, ಹತ್ತಿಯಂಥ ಬಿಳಿ ಬೂಸ್ಟಾಗಲಿ ಕಾಣುತ್ತಿದೆಯೇ ಎಂದು ಕೆಲವು ದಿನ ಗಮನಿಸಿ, ನೀರನ್ನು ಶುದ್ಧವಾಗಿಡಿ. ಪಾಚಿಗೆ ಮತ್ತೊಂದು ಮೀನು ತರುವ ಮೊದಲು ದೀಪ ಉರಿಯುವ ಅವಧಿಯನ್ನು ದಿನಕ್ಕೆ ಆರೇಳು ಗಂಟೆಗೆ ಇಳಿಸಿ, ಆಹಾರವನ್ನೂ ಸ್ವಲ್ಪ ಕಡಿಮೆ ಹಾಕಿ. ಆಮೇಲೂ ಗಾಜು ಹಸಿರುಗಟ್ಟಿದರೆ ಒಂದೆರಡು ನೆರೈಟ್ ಬಸವನಹುಳು ಸಾಕು.