ಅಮ್ಮನಿಗೆ ಅಂಕ ಹಾಕುವ ನೋಟ್‌ಬುಕ್

ಶಿವಮೊಗ್ಗದ ಗಣಿತ ಶಿಕ್ಷಕಿಯೊಬ್ಬರು ಬರೆದಿದ್ದಾರೆ. ತಾಯಿಗೆ ಮರೆಗುಳಿ ಕಾಯಿಲೆಯ ಆರಂಭದ ಹಂತ. ವೈದ್ಯರು ಕಾಗ್ನಿಟಿವ್ ಸ್ಟಿಮ್ಯುಲೇಷನ್ ಥೆರಪಿ, ಅಂದರೆ ಮಾತು, ಆಟ, ಹಾಡು, ಹಳೆಯ ವಸ್ತುಗಳ ಮೂಲಕ ಬುದ್ಧಿಗೆ ಕೆಲಸ ಕೊಡುವ ಚಟುವಟಿಕೆಗಳನ್ನು ಸೂಚಿಸಿದ್ದಾರೆ. ಊರಿನಲ್ಲೇ ವಾರಕ್ಕೆರಡು ಬಾರಿ ಸೇರುವ ಗುಂಪಿಗೆ ಕರೆದೊಯ್ಯಬೇಕೇ, ಅಥವಾ ಪುಣೆಯಲ್ಲಿರುವ ಅಣ್ಣ ಹೇಳುವಂತೆ 'ಅಪರಿಚಿತರ ನಡುವೆ ಕೂರಿಸದೆ' ಮನೆಯಲ್ಲೇ ಮುಂದುವರಿಸಬೇಕೇ ಎಂಬುದು ಅವರ ಪ್ರಶ್ನೆ.

ಸಹೋದರಿ, ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಆ ಪ್ರಶ್ನೆಯಲ್ಲ, ನೀವು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ ನೋಟ್‌ಬುಕ್. ಇವತ್ತು ಯಾವ ವಾರ, ಮೊಮ್ಮಗನ ಹೆಸರೇನು ಎಂದು ದಿನಕ್ಕೆ ಹತ್ತು ಪ್ರಶ್ನೆ ಕೇಳಿ, ಹತ್ತಕ್ಕೆ ಆರು, ಹತ್ತಕ್ಕೆ ನಾಲ್ಕು ಎಂದು ಬರೆದು, ಅದರ ಫೋಟೊವನ್ನು ಅಣ್ಣನಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸುತ್ತೀರಿ. ಅವರು 'ಈ ವಾರ ಏಕೆ ಕಡಿಮೆ?' ಎಂದು ವಿಚಾರಿಸುತ್ತಾರೆ. ಕೇಳುವವರಿಗೆ ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆ ಪರೀಕ್ಷೆಯೇ ಹೊರತು ಮಾತುಕತೆಯಲ್ಲ ಎಂದು ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ! ಮಗಳ ಮುಂದೆಯೇ ದಿನವೂ ನಪಾಸಾಗುವ ತಾಯಿ ಪುಸ್ತಕ ಕಂಡೊಡನೆ ಎದ್ದು ಕೋಣೆಗೆ ಹೋಗುವುದು ಹಟವಲ್ಲ.

ನೆನಪನ್ನು ಕೆದಕುವುದಕ್ಕಿಂತ ಅಭಿಪ್ರಾಯ ಕೇಳುವುದು ಈ ಚಿಕಿತ್ಸೆಯ ಮೂಲ ಸೂತ್ರಗಳಲ್ಲೊಂದು. ಸಂತೆಯಲ್ಲಿ ನಿಮ್ಮ ತಾಯಿ ಅಪ್ಪೆಮಿಡಿಯೊಂದನ್ನು ಎತ್ತಿ ನೋಡಿ, 'ತೊಟ್ಟು ಮುರಿದಿದೆ, ಉಪ್ಪಿನಕಾಯಿಗೆ ಬಾರದು' ಎಂದು ಮಾರುವವನಿಗೆ ವಾಪಸು ಕೊಟ್ಟರಲ್ಲ, ಅದಕ್ಕೆ ನಿಮ್ಮ ನೋಟ್‌ಬುಕ್ಕಿನಲ್ಲಿ ಕಾಲಮ್ಮೇ ಇಲ್ಲ.

ಇನ್ನು ನಿಮ್ಮ ಪ್ರಶ್ನೆ. ಬ್ರಿಟನ್ನಿನಲ್ಲಿ 201 ಜನರ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಏಳು ವಾರಗಳಲ್ಲಿ 45 ನಿಮಿಷಗಳ 14 ಗುಂಪು ಕೂಟಗಳಿಂದ ಅರಿವಿನ ಶಕ್ತಿಯೂ ಜೀವನದ ಗುಣಮಟ್ಟವೂ ಸುಧಾರಿಸಿದ್ದು ಕಂಡುಬಂತು. ಮನೆಯವರೇ ಒಬ್ಬೊಬ್ಬರಿಗೆ ಮಾಡಿಸುವ ವಿಧಾನವನ್ನು 2015ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಕಾಯಿಲೆಯವರು ಮತ್ತು ಅವರನ್ನು ನೋಡಿಕೊಳ್ಳುವವರ 356 ಜೋಡಿಗಳೊಂದಿಗೆ, 25 ವಾರಗಳ ಕಾಲ, ವಾರಕ್ಕೆ ಮೂರು ಅರ್ಧ ಗಂಟೆಗಳಂತೆ ಪರೀಕ್ಷಿಸಿದಾಗ ಅರಿವಿನಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ನೋಡಿಕೊಳ್ಳುವವರೊಂದಿಗಿನ ಸಂಬಂಧ ಉತ್ತಮವಾಯಿತೆಂದು ಕಾಯಿಲೆಯವರೇ ಹೇಳಿದರು. ಮನೆಯಲ್ಲಿ ಮಾಡುವುದರಿಂದ ಸಿಗಬಹುದಾದ ಆ ಲಾಭವನ್ನೂ ನಿಮ್ಮ ಅಂಕಪಟ್ಟಿ ತಿಂದುಹಾಕುತ್ತಿದೆ.

ಆದ್ದರಿಂದ ಗುಂಪಿಗೆ ಕರೆದೊಯ್ಯಿರಿ. 'ಅಪರಿಚಿತರು' ಎಂಬ ಮಾತಿಗೆ ನಾನು ಬೆಲೆ ಕೊಡುವುದಿಲ್ಲ: ಅಲ್ಲಿರುವವರೂ ಪದಕ್ಕಾಗಿ ತಡಕಾಡುವವರೇ, ಯಾರೂ ಯಾರನ್ನೂ ತಿದ್ದಬೇಕಾಗಿಲ್ಲ. ನಿಮ್ಮ ದಣಿವು ನನಗೆ ಅರ್ಥವಾಗುತ್ತದೆ. ಐನೂರು ಕಿಲೋಮೀಟರ್‌ಗೂ ಹೆಚ್ಚು ದೂರದಲ್ಲಿ ಕುಳಿತು ಲೆಕ್ಕ ಕೇಳುವವರ ಬಗ್ಗೆ ಅಷ್ಟು ಸಹಾನುಭೂತಿ ನನ್ನಲ್ಲಿಲ್ಲ.

ನೀವು ಮಾಡಬೇಕಾದ ಕೆಲಸ ಒಂದೇ: ಇಂದು ಸಂಜೆಯೇ ಆ ನೋಟ್‌ಬುಕ್ಕನ್ನು ಅಟ್ಟಕ್ಕೆ ಹಾಕಿ. ಅಣ್ಣ ಅಂಕ ಕೇಳಿದರೆ ಫೋನನ್ನು ಅಮ್ಮನ ಕೈಗೆ ಕೊಡಿ. ಪುಣೆಯಲ್ಲಿ ಎಂಥ ಮಾವಿನಕಾಯಿ ಸಿಗುತ್ತದೆಂದು ಅವರೇ ಕೇಳಲಿ.